ಇಪ್ಪತ್ನಾಲ್ಕು ಮುಖ, ಒಂದು ಹೆಬ್ಬೆರಳು

೨೦೨೩ನೇ ಇಸವಿಯ ಮಳೆಗಾಲ. ಆಗ ನಾನು ಕಲಘಟಗಿ ತಾಲೂಕಿನಲ್ಲಿ, ದೇವಿಕೊಪ್ಪದ ಆಚೆಗಿರುವ ನಮ್ಮೂರ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದೆ. ಜೊತೆಗೆ ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳು, ಎರಡು ಗ್ಯಾಸ್ ಒಲೆ, ನೂರಾ ಹದಿನೆಂಟು ತಾಟು. ನಾನು ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷ್ ಪಾಠಕ್ಕೂ ನಿನಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆಗ ನಾನೂ ಅದನ್ನೇ ಕೇಳಿದ್ದೆ.

ನಮ್ಮ ಕೆಲಸದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಯಾವ ತರಗತಿಗೆ ಎಷ್ಟು ಮಕ್ಕಳು ಬಂದಿದ್ದಾರೆ ಎಂಬ ಚೀಟಿ ಅಡುಗೆಮನೆಗೆ ಬರುತ್ತದೆ. ಐದನೇ ಇಯತ್ತೆಯವರೆಗೆ ತಲೆಗೆ ನೂರು ಗ್ರಾಂ ಅಕ್ಕಿ, ಆರು ಮತ್ತು ಏಳಕ್ಕೆ ನೂರೈವತ್ತು. ಚೀಟಿ ನೋಡಿಯೇ ತೂಗಬೇಕು. ಹೀಗಾಗಿ ಯಾವ ಮನೆಯ ಹುಡುಗನಿಗೆ ಜ್ವರ, ಯಾವ ಹುಡುಗಿ ಮಾಮನ ಊರಿಗೆ ಹೋಗಿದ್ದಾಳೆ ಎಂಬುದೆಲ್ಲ ಹೆಡ್‌ಮಾಸ್ತರರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಆ ವರ್ಷ ಇಂಗ್ಲಿಷ್ ಕಲಿಸಲು ಸುನೀತಾ ಎಂಬ ಅತಿಥಿ ಶಿಕ್ಷಕಿ ಬಂದರು. ಅತಿಥಿ ಎಂದರೆ ಪೂರ್ತಿ ನೌಕರಿಯಲ್ಲ, ಇರು ಎಂದಷ್ಟು ದಿನ ಇರುವುದು. ಹುಬ್ಬಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಸಣಕಲು ಹುಡುಗಿ. ಹಿಂದಿನ ವರ್ಷ ಇಂಗ್ಲಿಷ್ ಕಲಿಸಿದವರು ಪಿ.ಟಿ. ಮಾಸ್ತರರು. ಮಕ್ಕಳಿಗೆ ಸ್ಟ್ಯಾಂಡ್, ಸಿಟ್, ರನ್ ಎಂಬ ಮೂರು ಶಬ್ದ ಮಾತ್ರ ಚೆನ್ನಾಗಿ ಬರುತ್ತಿದ್ದವು. ಆಗಸ್ಟ್‌ನಲ್ಲಿ ಮೇಲಿನ ಆಫೀಸಿನಿಂದ ಸಾಹೇಬರು ಬಂದು ಏಳನೇ ಇಯತ್ತೆಯ ಇಂಗ್ಲಿಷ್ ನೋಡುವವರಿದ್ದರು. ಅವರು ಸರಿಯಿಲ್ಲ ಎಂದು ಬರೆದರೆ ದಸರಾ ರಜೆಯ ನಂತರ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಸುನೀತಾಗೆ ಮುಖದ ಮೇಲೇ ಹೇಳಿದ್ದರು.

ಜುಲೈ ತಿಂಗಳ ಒಂದು ಬೆಳಿಗ್ಗೆ ಆಕೆ ಅಡುಗೆಮನೆಗೆ ಬಂದು ಇಪ್ಪತ್ನಾಲ್ಕು ತಾಟು ಕೇಳಿದರು.

"ಇನ್ನೂ ಬ್ಯಾಳಿ ಕುದ್ದಿಲ್ರಿ ಅಕ್ಕೋರ," ಎಂದೆ. ನಮ್ಮಲ್ಲಿ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ನನ್ನನ್ನು ಶಾಲೆಯವರೆಲ್ಲ ಆಯಿ, ಅಂದರೆ ಅಜ್ಜಿ, ಎನ್ನುತ್ತಿದ್ದರು.

"ಊಟಕ್ಕಲ್ರಿ ಆಯಿ. ಹುಡುಗೂರಿಗೆ ಮಾರಿ ನೋಡ್ಕೊಳ್ಳಾಕ."

ಶಾಲೆಯಲ್ಲಿ ಇದ್ದ ಕನ್ನಡಿ ಒಂದೇ, ಅದೂ ಹೆಡ್‌ಮಾಸ್ತರರು ಕ್ರಾಪು ತೀಡಿಕೊಳ್ಳುವ ಕನ್ನಡಿ. ಏಳನೇ ಇಯತ್ತೆಯ ಪ್ರತಿಯೊಂದು ಮಗು ತಾಟಿನ ಬೆನ್ನಿನಲ್ಲಿ ತನ್ನ ಮುಖ ನೋಡಿ ಚಿತ್ರ ಬರೆಯಬೇಕು, ಆಮೇಲೆ ಚಿತ್ರದಲ್ಲಿರುವ ಮುಖ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಇದು ಆಕೆಯ ಯೋಜನೆ. ತಾಟು ಕೊಟ್ಟೆ. ಪೆನ್ಸಿಲ್ಲಿನ ಗೀರು ಬಿದ್ದರೆ ಬರೆದವರೇ ತಿಕ್ಕಬೇಕು ಎಂದೂ ಹೇಳಿದೆ.

ಮಧ್ಯಾಹ್ನ ಆಕೆ ಅಕ್ಕಿ ಚೀಲದ ಮೇಲೆ ಬಂದು ಕುಳಿತರು. ಇಪ್ಪತ್ನಾಲ್ಕು ಮಕ್ಕಳೂ ಒಂದೇ ಬರೆದಿದ್ದರು: ನನ್ನ ಮುಖ ದುಂಡಗಿದೆ, ನನ್ನ ಕಣ್ಣು ಕಪ್ಪಗಿವೆ, ನಾನು ಒಳ್ಳೆಯ ಹುಡುಗ. ಹನ್ನೊಂದು ಹೆಣ್ಣುಮಕ್ಕಳೂ ಒಳ್ಳೆಯ ಹುಡುಗರಾಗಿದ್ದರು. ಮುಂದಿನ ಬೆಂಚಿನವನು ಗೈಡಿನಿಂದ ಇಳಿಸಿದ್ದನ್ನು ಹಿಂದಿನವರೆಲ್ಲ ನಂಬಿ ಬರೆದುಕೊಂಡಿದ್ದರು.

ನನಗೆ ತಿಳಿದದ್ದನ್ನು ಹೇಳಿದೆ. "ದುಂಡ ಮಾರಿ ಎಲ್ಲಾರಿಗೂ ಐತ್ರಿ, ನನ್ನ ತಾಟಿಗೂ ಐತಿ. ಮಂಜ್ಯಾನ ಎಡಗಿವಿ ನೋಡ್ರಿ, ಎಲಿ ಮಡಚಿದಂಗ ಮಡಚೇತಿ. ನನ್ನ ಮೊಮ್ಮಗಳು ಕಾವೇರಿ ಬಾಯಾಗ ಒಂದು ಹಲ್ಲಿನ ಮ್ಯಾಲೆ ಇನ್ನೊಂದು ಕುಂತೈತಿ. ಅಂಥಾದ್ದು ಬರಸ್ರಿ."

ಅದರಲ್ಲಿ ಜಾಣತನವೇನೂ ಇರಲಿಲ್ಲ. ನೂರು ಮಕ್ಕಳ ಸಾಲಿನಲ್ಲಿ ಯಾರು ಎರಡನೇ ಸಲ ಬಂದು ನಿಂತಿದ್ದಾರೆ ಎಂದು ಹಿಡಿಯಬೇಕಾದವಳಿಗೆ ದುಂಡು ಮುಖದಿಂದ ಉಪಯೋಗವಿಲ್ಲ, ಅಷ್ಟೇ.

ಆಕೆ ಒಂದು ವಾರ ಹಟ ಹಿಡಿದು ಮಕ್ಕಳನ್ನು ಒಬ್ಬರ ಮುಂದೆ ಒಬ್ಬರನ್ನು ಕೂರಿಸಿದರು. ನಿನ್ನ ಮುಖದಲ್ಲಿ ಇದ್ದು ಎದುರಿನವರ ಮುಖದಲ್ಲಿ ಇಲ್ಲದ್ದನ್ನು ಬರೆ ಎಂದರು. ಆಮೇಲೆ ಮಂಜುನಾಥ ಬರೆದದ್ದನ್ನು ನನಗೆ ಓದಿ ತೋರಿಸಿದರು: "ಮೈ ಲೆಫ್ಟ್ ಇಯರ್ ಈಸ್ ಫೋಲ್ಡೆಡ್. ಇಟ್ ಈಸ್ ಸ್ಲೀಪಿಂಗ್." ಎಡಗಿವಿ ಮಡಚಿದೆ, ಅದು ಮಲಗಿದೆ ಎಂದಂತೆ. ಅವನಿಗೆ ಪಾಠದಲ್ಲಿ ಎರಡೂ ಕಿವಿ ಮಲಗಿರುತ್ತಿದ್ದವು, ಆದರೂ ಬರೆದದ್ದು ಸುಳ್ಳಲ್ಲ. ಚಿತ್ರಗಳನ್ನು ಶಾಲೆಯ ಪಡಸಾಲೆಯ ಗೋಡೆಗೆ ಸಾಲಾಗಿ ಅಂಟಿಸಿದರು. ತಾಟಿನಲ್ಲಿ ನೋಡಿ ಬರೆದದ್ದರಿಂದ ಮುಖಗಳೆಲ್ಲ ಅಡ್ಡಡ್ಡ ಅಗಲವಾಗಿದ್ದವು, ಊರಿಗೆ ಊರೇ ಗಾಳಿ ತುಂಬಿದಂತೆ. ಪಡಸಾಲೆಯ ಎದುರಿಗೇ ಬಸ್ ನಿಲ್ಲುತ್ತದೆ. ಬಸ್ಸಿಗೆ ಕಾಯುವವರು ಕಾಂಪೌಂಡಿನ ಒಳಗೆ ಬಂದು, ಇದು ಯಾರ ಮಗ, ಅದು ಯಾರ ಮಗಳು ಎಂದು ನೋಡಿ ನಗುತ್ತಿದ್ದರು.

ಮುಂದಿನ ವಾರವೇ ಊರಲ್ಲಿ ಕಣ್ಣುಬೇನೆ ಬಂತು. ಆ ಮಳೆಗಾಲದಲ್ಲಿ ಎಲ್ಲ ಕಡೆಯೂ ಇತ್ತು. ಔಷಧ ಹಾಕಿದರೆ ಐದು ದಿನ, ಹಾಕದಿದ್ದರೆ ಒಂದು ವಾರ. ಆದರೆ ನಮ್ಮ ಶಾಲೆಯಲ್ಲಿ ಮೊದಲು ಕಣ್ಣು ಕೆಂಪಾದದ್ದು ಮಂಜುನಾಥನಿಗೆ. ಅವನ ತಾಯಿ ರೇಣವ್ವ ನನ್ನ ಓಣಿಯವಳು. ಒಂದು ಸುದ್ದಿಯನ್ನು ಹತ್ತು ಮನೆಗೆ ಮುಟ್ಟಿಸಲು ಅವಳಿಗೆ ಚಪ್ಪಲಿ ಹಾಕಿಕೊಳ್ಳುವಷ್ಟೂ ಹೊತ್ತು ಬೇಡ. ಚಿತ್ರಕ್ಕೆ ನೆದರು ಬಿದ್ದಿದೆ, ಅಂದರೆ ಜನರ ಕೆಟ್ಟ ದೃಷ್ಟಿ ತಾಗಿದೆ ಎಂದು ಮನೆಮನೆಗೆ ಹೇಳಿದಳು.

ಚೀಟಿಯಲ್ಲಿ ನನಗೆ ಗೊತ್ತಾಯಿತು. ನೂರಾ ಹದಿನೆಂಟಿದ್ದದ್ದು ಎಂಬತ್ಮೂರಕ್ಕೆ ಇಳಿಯಿತು. ಏಳನೇ ಇಯತ್ತೆಯಲ್ಲಿ ಇಪ್ಪತ್ನಾಲ್ಕಕ್ಕೆ ಒಂಬತ್ತು. ಕಣ್ಣು ಬಂದವರು ಆರೇ ಜನ, ಅವರು ಮನೆಯಲ್ಲಿರುವುದೇ ಸರಿ. ಉಳಿದ ಒಂಬತ್ತು ಮಕ್ಕಳ ಕಣ್ಣು ಬೆಳ್ಳಗೇ ಇದ್ದವು. ಅವರನ್ನು ಹೆದರಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಸಾಹೇಬರು ಬರಲು ಐದು ದಿನ ಉಳಿದಿತ್ತು.

ರೇಣವ್ವ ಅಡುಗೆಮನೆಯ ಬಾಗಿಲಿಗೇ ಬಂದಳು. "ಹೋಗಾವ್ರು ಬರಾವ್ರು ನೋಡ್ಲಿ ಅಂತ ನಮ್ಮ ಹುಡುಗೂರ ಮಾರಿ ಗ್ವಾಡಿಗೆ ಹಚ್ಚೀರಿ. ಕಣ್ಣ ಕೆಂಪ ಆಗದ ಏನ ಆಗ್ತಾವು ಯವ್ವಾ?"

"ನಿನ್ನ ಮಗನ ಚಿತ್ರ ನೋಡಿ ಯಾರಿಗೆ ಹೊಟ್ಟಿಕಿಚ್ಚ ಆಗೂದು ಬೇ? ಮೂಗು ಒಂದು ಊರಾಗೈತಿ, ಬಾಯಿ ಒಂದು ಊರಾಗೈತಿ."

"ಹೆಂಗರ ಇರವಲ್ದ್ಯಾಕ. ಗಲ್ಲಕ್ಕ ಒಂದು ಬೊಟ್ಟರ ಇಟ್ಟೀರೇನು?"

ಇದು ಅವಳ ಕೊನೆಯ ಮಾತು. ಹೆಡ್‌ಮಾಸ್ತರರು ಚಿತ್ರ ತೆಗೆದುಬಿಡಿ ಎಂದರು. ಸುನೀತಾ, ತೆಗೆದರೆ ಸಾಹೇಬರಿಗೆ ಏನು ತೋರಿಸಲಿ ಎಂದರು. ತೆಗೆದರೆ ಪಾಠವಿಲ್ಲ, ತೆಗೆಯದಿದ್ದರೆ ಮಕ್ಕಳಿಲ್ಲ. ಇಬ್ಬರೂ ಓದಿದವರು, ಗೋಡೆಯ ಮುಂದೆ ನಿಂತು ಗೋಡೆಯನ್ನೇ ನೋಡುತ್ತಿದ್ದರು. ನೆದರನ್ನು ನಾನು ನಂಬುತ್ತೇನೋ ಇಲ್ಲವೋ, ಆ ಮಾತು ಬೇರೆ. ನಂಬುವವರ ಮಕ್ಕಳಿಗೆ ನಾನು ಅನ್ನ ಹಾಕಬೇಕಿತ್ತು.

ಗ್ಯಾಸ್ ಬಂದ ಮೇಲೆ ಶಾಲೆಯ ಪಾತ್ರೆಗಳಿಗೆ ಮಸಿಯೇ ಹಿಡಿಯುವುದಿಲ್ಲ. ಮರುದಿನ ಬೆಳಿಗ್ಗೆ ಮನೆಯ ನೀರೊಲೆಯ ಹಂಡೆಯ ತಳ ಕೆರೆದು, ಔಡಲ ಎಣ್ಣೆಯಲ್ಲಿ ಕಲಸಿ, ಡಬ್ಬಿಯ ಮುಚ್ಚಳದಲ್ಲಿ ತಂದೆ. ಪ್ರಾರ್ಥನೆಗೆ ಮೊದಲೇ ಇಪ್ಪತ್ನಾಲ್ಕು ಚಿತ್ರಗಳ ಎಡಗಲ್ಲಕ್ಕೆ ಒಂದೊಂದು ಬೊಟ್ಟು ಒತ್ತಿದೆ. ಮಗುವಿನ ಗಲ್ಲವಾದರೆ ಕಿರುಬೆರಳು ಸಾಕು. ಅಂದು ಅವಸರವಿತ್ತು, ಹೆಬ್ಬೆರಳು ಹಚ್ಚಿದೆ. ನನ್ನ ಹೆಬ್ಬೆರಳು ಸಣ್ಣದಲ್ಲ. ಎಣ್ಣೆ ಕಾಗದದಲ್ಲಿ ಇಳಿದು ಬೊಟ್ಟುಗಳು ಬೆಳೆದವು. ಇಬ್ಬರಿಗೆ ಅರ್ಧ ಗಡ್ಡ ಬಂದಂತಾಯಿತು.

ಬಸ್ಸಿಳಿದು ಬಂದ ಸುನೀತಾ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು. ಆಮೇಲೆ, "ಏನ ಮಾಡಿದ್ರಿ ಆಯಿ ಇದು?" ಎಂದರು.

"ಹುಡುಗೂರನ್ನ ಕರಸೀನಿ," ಎಂದೆ.

ರೇಣವ್ವನನ್ನು ಕೈಹಿಡಿದು ತಂದು ಒಂದೊಂದನ್ನೂ ತೋರಿಸಿದೆ. ಅವಳು ಎಣಿಸಿ ನೋಡಿ ಹೋದಳು. ಮರುದಿನ ಚೀಟಿಯಲ್ಲಿ ಏಳನೇ ಇಯತ್ತೆ ಹದಿನೆಂಟು, ಸಾಹೇಬರು ಬರುವ ದಿನಕ್ಕೆ ಕಣ್ಣೂ ವಾಸಿಯಾಗಿ ಇಪ್ಪತ್ನಾಲ್ಕು. ಕಣ್ಣು ಬೊಟ್ಟಿನಿಂದ ವಾಸಿಯಾಯಿತು ಎಂದು ಅವಳು ಈಗಲೂ ಹೇಳುತ್ತಾಳೆ.

ಸಾಹೇಬರು ಹನ್ನೊಂದೂವರೆಗೆ ಬಂದರು. ಏಳನೇ ಇಯತ್ತೆಯ ಬೆಂಚುಗಳನ್ನು ಪಡಸಾಲೆಗೇ ತಂದು ಹಾಕಿದ್ದರು. ಬಂದವರು ಬಿಸಿಯೂಟದ ರುಚಿ ನೋಡುವುದು ಕ್ರಮ, ಆದ್ದರಿಂದ ನಾನೂ ಸೌಟು ಹಿಡಿದು ಪಡಸಾಲೆಯ ಕಂಬದ ಬಳಿ ನಿಂತಿದ್ದೆ. ಮೂವರು ಮಕ್ಕಳು ತಾವು ಬರೆದದ್ದನ್ನು ತಡವರಿಸದೆ ಓದಿದರು. ಅದೇ ತಪ್ಪಾಯಿತು. ಸಾಹೇಬರು ನಕ್ಕು, "ಬಾಯಿಪಾಠ ಭಾರಿ ಛಲೋ ಮಾಡಸೀರಿ ಅಕ್ಕೋರ," ಎಂದರು. ಸುನೀತಾ ಏನೋ ಹೇಳಲು ಹೋದರು, ಅವರು ಕೈಯೆತ್ತಿ ತಡೆದರು. ಮಕ್ಕಳ ಕೈಯಲ್ಲಿನ ಕಾಗದ ಕೆಳಗಿಡಿಸಿ, ಗೋಡೆಯ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರ ಗಲ್ಲದ ಮೇಲಿರುವ ಈ ಕಪ್ಪು ಏನು, ಅದನ್ನು ಒಬ್ಬರೂ ಏಕೆ ಬರೆದಿಲ್ಲ ಎಂಬುದು ಪ್ರಶ್ನೆ.

ಅದಕ್ಕೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ. ಹೆಡ್‌ಮಾಸ್ತರರು ಕರ್ಚೀಫು ತೆಗೆದರು. ಸುನೀತಾ ನೆಲ ನೋಡಿದರು. ಆಕೆಯ ಇಡೀ ವರ್ಷ ನನ್ನ ಬೆರಳಿಗೆ ಸಿಕ್ಕಿಕೊಂಡಿತ್ತು.

ಕಾವೇರಿ ಎದ್ದು ನಿಂತಳು. "ಸರ್, ದಟ್ ಈಸ್ ನಾಟ್ ಮೈ ಫೇಸ್," ಎಂದಳು. "ದಟ್ ಈಸ್ ಆಯೀಸ್ ಥಂಬ್."

ಅದು ನನ್ನ ಮುಖವಲ್ಲ, ಆಯಿಯ ಹೆಬ್ಬೆರಳು ಎಂದದ್ದು. ಸಾಹೇಬರ ನಗು ನಿಂತಿತು. ಕಟ್ಟೆ ಒಡೆದಂತೆ ಉಳಿದವರೂ ಶುರುಮಾಡಿದರು. ಹಂಡೆ ಬ್ಲ್ಯಾಕ್ ಎಂದ ಒಬ್ಬ. ಆಲ್ ಪೀಪಲ್ ಸೀ, ಮೈ ಐ ರೆಡ್, ಮದರ್ ಆ್ಯಂಗ್ರಿ ಎಂದ ಮಂಜುನಾಥ. ವ್ಯಾಕರಣ ನನಗೆ ಗೊತ್ತಿಲ್ಲ, ಆದರೆ ನಡೆದದ್ದೆಲ್ಲ ನಡೆದ ಹಾಗೆಯೇ ಅವರಿಗೆ ತಿಳಿಯಿತು ಎಂಬುದು ನನಗೂ ಕಾಣುತ್ತಿತ್ತು. ಆಯಿ ಯಾರು ಎಂದು ಕೇಳಿದರು. ಇಪ್ಪತ್ನಾಲ್ಕು ಕೈ ನನ್ನ ಕಡೆ ತಿರುಗಿದವು.

"ಡಿಸ್ಕ್ರೈಬ್ ಹರ್," ಎಂದರು ಸಾಹೇಬರು.

ಒಬ್ಬೊಬ್ಬರೂ ಒಂದೊಂದು ಹೇಳಿದರು. ಎಲ್ಲರೂ ನನ್ನನ್ನೇ ನೋಡಿ ಹೇಳುತ್ತಿದ್ದರು, ನನಗೆ ಒಂದೂ ತಿಳಿಯುತ್ತಿರಲಿಲ್ಲ. ಸುನೀತಾರ ಭುಜ ಅಲುಗುತ್ತಿದ್ದವು. ಕೊನೆಗೆ ಮಂಜುನಾಥ, "ವೆನ್ ಕಾವೇರಿ ಕಮ್ಸ್, ಹರ್ ಸ್ಪೂನ್ ಗೋಸ್ ಡೌನ್," ಎಂದ. ಹೆಡ್‌ಮಾಸ್ತರರೂ ನಕ್ಕುಬಿಟ್ಟರು. ನಾನು ಸೌಟು ನೆಲಕ್ಕೆ ಬಡಿದು, ಏನೆಂದರು ಕನ್ನಡದಲ್ಲಿ ಹೇಳಿ ಎಂದು ಸುನೀತಾರನ್ನು ಕೇಳಿದೆ. ಆಕೆ ಹೆದರುತ್ತಲೇ ಹೇಳಿದರು. ಆಯಿಯ ಬಾಯಿ ಡಬ್ಬಿ ಮುಚ್ಚಿದಂತೆ ಮುಚ್ಚಿರುತ್ತದೆ. ಆಯಿ ಬರುವ ಮೊದಲು ಅವರ ದನಿ ಬರುತ್ತದೆ. ಬಡಿಸುವಾಗ ಒಂದು ಕಣ್ಣು ಸಣ್ಣದಾಗುತ್ತದೆ. ಕಾವೇರಿ ಬಂದಾಗ ಮಾತ್ರ ಸೌಟು ಸಾಂಬಾರಿನ ತಳಕ್ಕೆ ಹೋಗುತ್ತದೆ.

ಆಲೂಗಡ್ಡೆ ಇರುವುದು ತಳದಲ್ಲಿ.

ಒಂದೂ ಸುಳ್ಳಿರಲಿಲ್ಲ. ನನ್ನ ಕೈಯನ್ನು ಯಾರೂ ನೋಡಿಲ್ಲ ಎಂದು ಅಷ್ಟು ವರ್ಷ ತಿಳಿದುಕೊಂಡಿದ್ದೆ. ಕಾವೇರಿ ಬೆಂಚಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದ್ದಳು. ಸಾಹೇಬರು ಊಟಕ್ಕೆ ಕುಳಿತು ತಾಟು ಮುಂದೆ ಮಾಡಿ, "ನಂಗೂ ತೆಳಗಿಂದನ ಹಾಕ್ರಿ ಆಯಿ," ಎಂದರು. ಹಾಕಿದೆ, ಏನು ಮಾಡುವುದು.

ಹೋಗುವ ಮೊದಲು ಭೇಟಿ ಪುಸ್ತಕದಲ್ಲಿ ಒಂದು ಸಾಲು ಬರೆದರು. ಏಳನೇ ತರಗತಿಯ ಮಕ್ಕಳು ಕಂಡದ್ದನ್ನು ಕಂಡಂತೆ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಶಿಕ್ಷಕಿಯನ್ನು ಮುಂದುವರಿಸಿ. ಹೆಡ್‌ಮಾಸ್ತರರು ಅದನ್ನು ಎರಡು ಸಲ ಓದಿದರು. ಸುನೀತಾ ವರ್ಷ ತುಂಬುವವರೆಗೂ ಇದ್ದರು, ಅದರ ಮುಂದಿನ ವರ್ಷವೂ ಬಂದರು. ನಾನು ಮರುದಿನದಿಂದ ಪ್ರತಿ ತಾಟಿಗೂ ತಳದಿಂದ ಕಲಕಿ ಹಾಕತೊಡಗಿದೆ. ಕಾವೇರಿ ಎಂಟು ದಿನ ನನ್ನೊಡನೆ ಮಾತು ಬಿಟ್ಟಳು. ಬಿಡಲಿ.

ಅರವತ್ತು ತುಂಬಿತೆಂದು ನನ್ನನ್ನು ಮನೆಗೆ ಕಳಿಸಿದ ದಿನ, ನನ್ನ ಜಾಗಕ್ಕೆ ಬಂದವಳಿಗೆ ಉಗ್ರಾಣದ ಕೀಲಿಕೈ ಕೊಟ್ಟು, ಈ ಕೆಲಸ ನನಗೆ ಕಲಿಸಿದ್ದನ್ನು ಒಂದೇ ಮಾತಿನಲ್ಲಿ ಹೇಳಿದೆ: ತಾಟು ಹಿಡಿದು ನಿಂತವರಿಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ, ಎಲ್ಲವನ್ನೂ ನೋಡಿ ಇಟ್ಟುಕೊಂಡಿರುತ್ತಾರೆ, ಹೇಳಲು ಒಂದು ಭಾಷೆ ಸಿಕ್ಕ ದಿನ ಹೇಳುತ್ತಾರೆ. ಅವಳು ನಕ್ಕಳು. ಅವಳ ಮಗ ಆ ವರ್ಷವಷ್ಟೇ ಒಂದನೇ ಇಯತ್ತೆಗೆ ಸೇರಿದ್ದ.