ಸೌಟಕ್ಕನ ನಾಲಿಗೆ

ಸೌಟಕ್ಕ ಒಂದು ಕಡೆ ಕೂತಿದ್ದನ್ನು ಕಂಡವರುಂಟೇ? ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಲೆಯಿಂದ ಒಲೆಗೆ ಓಡುತ್ತ, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, "ಹದವಾಗಿದೆ, ಇಳಿಸು" ಅಂತ ತೀರ್ಪು ಕೊಡುವವಳು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು. ಅಂಥವಳನ್ನು ಅವಳ ಗಂಡ, ಬಸ್ ಡ್ರೈವರು, ಆ ಸಂಜೆ ಬೀದಿಯ ತಿರುವಿನ ಜಪಾನಿ ಹೋಟೆಲಿಗೆ ಎಳೆದುಕೊಂಡು ಬಂದಿದ್ದ. ಸುಶಿ ತಿನ್ನಿಸುತ್ತಾನಂತೆ!

ಬಂದಾಗಿನಿಂದ ಅವಳ ಕೈಕಾಲು ನಿಂತಿದ್ದರೆ ಕೇಳಿ. ಕುರ್ಚಿ ಹಿಂದೆ ತಳ್ಳಿದಳು, ಮುಂದೆ ಎಳೆದಳು. ಟೇಬಲ್ಲಿನ ಟಿಶ್ಯೂ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಬಾಗಿಲು ಕಿರ್ರೆಂದಾಗಲೆಲ್ಲ ಕತ್ತು ಹೊರಳಿಸಿದಳು.

"ಏನೇ, ಕುರ್ಚೀಲಿ ಮುಳ್ಳಿದ್ಯಾ?"

"ಏನಿಲ್ಲ ರೀ. ಬೇಗ ತಂದ್ರೆ ತಿಂದು ಮನೆಗೆ ಹೋಗಬಹುದಿತ್ತು."

"ಇನ್ನೂ ಚಹಾನೇ ಬಂದಿಲ್ಲ, ಆಗಲೇ ಮನೆಯಂತೆ!"

ಏನಿಲ್ಲ ಅನ್ನುವುದು ಶುದ್ಧ ಸುಳ್ಳು. ಬೇಸಿಗೆಯಲ್ಲಿ ಬಂದ ಒಂದು ಹಾಳು ಜ್ವರ ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಇವತ್ತು ಬಂದೀತು, ನಾಳೆ ಬಂದೀತು ಅಂತ ಕಾದಳು. ಊಹೂಂ. ಬಾಯಿಗೆ ಏನು ಹಾಕಿದರೂ ಒದ್ದೆ ಹತ್ತಿ ಅಗಿದ ಹಾಗೆ. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಕ್ಯಾಂಟೀನಿನ ದೊಡ್ಡ ಪಾತ್ರೆಗಳಿಗೆ ಕಟ್ಟುನಿಟ್ಟಾದ ಅಳತೆಯಿತ್ತು, ಅದು ಮಾನ ಉಳಿಸಿತು. ಅನುಮಾನ ಬಂದಾಗ ತರಕಾರಿ ಹೆಚ್ಚುವವಳನ್ನು ಕರೆದು, "ಬಾರೇ, ರುಚಿ ನೋಡೋದು ಕಲಿ" ಅಂತ ಅವಳ ಅಂಗೈಗೆ ಬಿಟ್ಟು, ಅವಳ ಮುಖ ನೋಡಿ ತೀರ್ಮಾನ ಮಾಡುತ್ತಿದ್ದಳು.

ಈಗ ಬಂದು ಕೂತಿತ್ತು ಗ್ರಹಚಾರ. ಮುಖ್ಯ ಅಡುಗೆಯವರು ನಿವೃತ್ತರಾದರು, ನಾಳೆಯಿಂದ ಆ ಜಾಗ ಇವಳದು. ವಾರ್ಡುಗಳಿಗೆ ಹೋಗುವ ಪ್ರತಿಯೊಂದು ಪಾತ್ರೆಯನ್ನೂ ಮೂಸಿ, ರುಚಿ ನೋಡಿ ಕಳಿಸುವುದೇ ಮುಖ್ಯ ಅಡುಗೆಯವರ ಕೆಲಸ. ಇಷ್ಟು ವರ್ಷ ಆಸೆಪಟ್ಟ ಜಾಗ! ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದರೆ ಕೈಯಲ್ಲಿರುವ ಸೌಟೂ ಹೋಗುತ್ತದೆ.

ಬಡಿಸುವ ಹುಡುಗಿ ಮರದ ಹಲಗೆ ತಂದಿಟ್ಟಳು. ಪುಟ್ಟ ಅನ್ನದ ಉಂಡೆಗಳು, ಮೇಲೆ ಹಸಿ ಮೀನಿನ ಹೋಳು. ಪಕ್ಕದಲ್ಲಿ ಎರಡು ಚಿಕ್ಕ ಬಟ್ಟಲು, ಒಂದು ಸಣ್ಣ ಹೂಜಿ.

"ಬೇಯಿಸೋಕೂ ಸೋಮಾರಿತನ ನೋಡು ಇವರಿಗೆ," ಅಂದ ಡ್ರೈವರು.

ಸೌಟಕ್ಕ ಹೂಜಿ ಬಗ್ಗಿಸಿದಳು, ಕಪ್ಪಗೆ ಇಳಿಯಿತು. ಓ, ಇವರ ಚಹಾ ಇದೇ ಇರಬೇಕು. ಎರಡೂ ಬಟ್ಟಲು ತುಂಬಿಸಿ, ತನ್ನದನ್ನೆತ್ತಿ ಗಟಗಟ ಕುಡಿದು ಕೆಳಗಿಟ್ಟಳು. ಬಾಯಿಗೆ ಏನು ಹೋದರೂ ತಡಮಾಡದೆ ತೀರ್ಪು ಕೊಟ್ಟೇ ಅಭ್ಯಾಸ, ಕೊಟ್ಟೇಬಿಟ್ಟಳು.

"ಹದವಾಗಿದೆ."

ಗಂಡನೂ ಒಂದು ಗುಟುಕು ಹೀರಿದ. ಹೀರಿದವನೇ ಕಣ್ಣು ಕಣ್ಣು ಬಿಟ್ಟು, ಟಿಶ್ಯೂಗೆ ಉಗಿದು, ಕೆಮ್ಮಿ ಕೆಮ್ಮಿ ಕೆಂಪಾದ. ಅಷ್ಟರಲ್ಲಿ ಚಹಾದ ಕೆಟಲು ಹಿಡಿದು ಬಂದ ಹುಡುಗಿ, "ಅಯ್ಯೋ, ಅದು ಸೋಯಾ ಸಾಸು! ಮೀನು ಅದ್ದಿಕೊಳ್ಳೋಕೆ," ಅಂತ ನೀರಿಗೆ ಓಡಿದಳು.

ಡ್ರೈವರು ಖಾಲಿಯಾದ ಅವಳ ಬಟ್ಟಲು ನೋಡಿದ. ಅವಳ ಮುಖ ನೋಡಿದ.

"ಉಪ್ಪು ಕಣೇ ಅದು. ಬರೀ ಉಪ್ಪು. ನಿಂಗೆ ಗೊತ್ತಾಗ್ಲಿಲ್ವಾ?"

ಅವಳು ಸುಳ್ಳು ಹುಡುಕಿದಳು, ಒಂದೂ ಸಿಗಲಿಲ್ಲ. "ಇಲ್ಲ ರೀ. ಜ್ವರ ಬಂದಾಗಿನಿಂದ ಏನೂ ಗೊತ್ತಾಗ್ತಿಲ್ಲ."

ಅವನು ಬೈಯುತ್ತಾನೆ ಅಂದುಕೊಂಡಳು. ಆ ಪುಣ್ಯಾತ್ಮ ಹಣೆಗೆ ಕೈ ಹಚ್ಚಿ ದೊಡ್ಡ ಉಸಿರು ಬಿಟ್ಟ.

"ಥೂ ನಿನ್ನ! ಮನೇಲಿ ನೀನು ಮಾಡೋ ಸಾರು ಒಂದಿನ ಉಪ್ಪಿನ ಸಮುದ್ರ, ಒಂದಿನ ಸಪ್ಪೆ. ನನ್ನ ಮೇಲೆ ಏನೋ ಸಿಟ್ಟು, ತಟ್ಟೇಲಿ ತೀರಿಸ್ಕೋತಿದ್ದಾಳೆ ಅಂದ್ಕೊಂಡಿದ್ದೆ. ಏನು ತಪ್ಪು ಮಾಡಿದೆ ಅಂತ ಬಸ್ಸು ಓಡಿಸ್ತಾನೂ ಯೋಚನೆ ಮಾಡ್ತಿದ್ದೆ ಕಣೇ. ಸಮಾಧಾನ ಮಾಡೋಣ ಅಂತಾನೇ ಇಲ್ಲಿಗೆ ಕರ್ಕೊಂಡು ಬಂದಿದ್ದು."

"ಕೇಳಬಾರದಿತ್ತಾ?"

"ಹೇಳಬಾರದಿತ್ತಾ?"

ಸೌಟಕ್ಕನಿಗೆ ನಗು ಬಂತು, ಅಳುವೂ ಬಂತು. ಬಾಯಿಗಿಡಲಾಗದ ಅಡುಗೆಯನ್ನು ಈ ಮನುಷ್ಯ ಇಷ್ಟು ದಿನ ಬಾಯಿ ಮುಚ್ಚಿಕೊಂಡು ತಿಂದಿದ್ದ. ಗಂಡ, ಗಟ್ಟಿಮುಟ್ಟಾದವನು, ಅರಗಿಸಿಕೊಂಡ. ವಾರ್ಡಿನಲ್ಲಿ ಮಲಗಿರುವವರು? ಉಪ್ಪು ಮುಟ್ಟಬಾರದವರಿದ್ದಾರೆ. ಎದ್ದು ಕೂರಲಾಗದವರಿದ್ದಾರೆ. ಬೆಳಗಿನ ಹಾಲು ಒಡೆದಿದ್ದರೂ ಇವಳು "ಹದವಾಗಿದೆ" ಅಂದರೆ ಅವರು ನಂಬಿ ಕುಡಿಯುತ್ತಾರೆ.

ಚೀಲಕ್ಕೆ ಕೈ ಹಾಕಿ ಫೋನು ತೆಗೆದಳು.

"ಊಟ ಮಾಡೇ ಮೊದಲು," ಅಂದ ಗಂಡ. "ನಾಳೆ ಡಾಕ್ಟರ ಹತ್ರ ಹೋಗೋಣ. ಆಮೇಲೆ ಹೇಳಿದ್ರಾಯ್ತು. ಕೆಲಸ ಹೋದ್ರೆ ಏನು ಮಾಡ್ತೀಯ?"

"ಗೊತ್ತಿಲ್ಲ ರೀ. ಆದ್ರೆ ಬೆಳಗಾದ್ರೆ ನಂಗೆ ಧೈರ್ಯ ಇರಲ್ಲ."

ಕ್ಯಾಂಟೀನಿನ ಮ್ಯಾನೇಜರು ಫೋನೆತ್ತಿದರು. "ಹೇಳಿ ಸೌಟಕ್ಕ! ನಾಳೆ ನಿಮ್ಮ ಕೈರುಚಿಗೆ ಎಲ್ಲರೂ ಕಾಯ್ತಿದ್ದಾರೆ."

ಅವಳು ಕಣ್ಣು ಮುಚ್ಚಿಕೊಂಡಳು. "ಸರ್, ಆ ಜಾಗ ನಂಗೆ ಕೊಡಬೇಡಿ. ನನ್ನ ನಾಲಿಗೆ ಸತ್ತುಹೋಗಿದೆ."