ಮೊಳೆ ಕೀಳದ ಪೆಟ್ಟಿಗೆ

ಇದನ್ನು ಹೇಳುವುದನ್ನು ನಾನು ಮುಂದೆ ಹಾಕುತ್ತಲೇ ಬಂದೆ. ಮೊದಲು ಹಬ್ಬ ಮುಗಿಯಲಿ ಅಂದೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಅಂದೆ. ಕಣ್ಣು ನೆಟ್ಟಗಾದ ಮೇಲೆ ನೆಪ ಉಳಿಯಲಿಲ್ಲ.

ನಾನು ಮೆಕ್ಯಾನಿಕ್. ಹುಟ್ಟಿದ್ದು ಮೂಡಲಗಿಯಲ್ಲಿ, ಮ್ಯಾಟ್ರಿಕ್ ತನಕ ಕಲಿತದ್ದೂ ಅಲ್ಲೇ. ಆಮೇಲೆ ಗೋಕಾಕದಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡುತ್ತ ಮುದುಕನಾದೆ. ಈಗ ಗ್ಯಾರೇಜಿನ ಶಟರ್ ಇಳಿಸಿದ್ದೇನೆ. ಒಳಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ. ಅದರ ಮೊಳೆ ಕಿತ್ತಿಲ್ಲ. ಅದರಲ್ಲಿ ಇರುವುದು ಇಂಗ್ಲೆಂಡಿನಿಂದ ಬಂದ ಹಳೆಯ ರೇಸಿನ ಮೋಟರ್ ಸೈಕಲ್ಲು.

ಆ ಗಾಡಿಯ ಹುಚ್ಚು ಹಿಡಿದದ್ದು ಕೊಲ್ಲಾಪುರದಲ್ಲಿ. ಹುಡುಗನಿದ್ದಾಗ ಕೆಲಸ ಕಲಿಯಲು ಅಲ್ಲಿಯ ಒಂದು ಗ್ಯಾರೇಜಿಗೆ ಸೇರಿದ್ದೆ. ಗೋಡೆಯ ಮೇಲೆ, ಎಣ್ಣೆ ಕೈ ತಾಗಿ ತಾಗಿ ಕಪ್ಪಾದ ಒಂದು ಚಿತ್ರವಿತ್ತು. ಒಂದೇ ಸಿಲಿಂಡರು. ದೀಪವಿಲ್ಲ, ಹಾರ್ನಿಲ್ಲ. ಹಿಂದುಗಡೆ ಕಹಳೆಯ ಹಾಗೆ ಬಾಯಿ ತೆರೆದ ಹೊಗೆ ಕೊಳವೆ. "ಇದು ಚಾಲೂ ಆದ್ರ ರಂಕಾಳ ಕೆರಿ ನೀರು ನಡಗತೈತಿ ನೋಡು," ಅನ್ನುತ್ತಿದ್ದರು ಮಾಲೀಕರು. ಅವರೂ ಅದನ್ನು ಚಿತ್ರದಲ್ಲಷ್ಟೇ ನೋಡಿದ್ದರು.

ಗ್ಯಾರೇಜು ಮುಚ್ಚಿದ ಮೇಲೆ ಹೊತ್ತು ಹೋಗದೆ ಫೋನು ನೋಡುತ್ತ ಕೂಡುತ್ತಿದ್ದೆ. ಒಂದು ದಿನ ಅದೇ ಗಾಡಿ ಕಂಡಿತು. ಮಾರುವವನು ಇಂಗ್ಲೆಂಡಿನ ಒಬ್ಬ ಮುದುಕ, ಪ್ರಾಯದಲ್ಲಿ ಅದರ ಮೇಲೆ ತಾನೇ ರೇಸು ಓಡಿದವನು. ನಾನು ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಇಂಗ್ಲಿಷು ಮಾಡಿ ಅವನಿಗೆ ಕಳಿಸುತ್ತಿತ್ತು. ಬೇರೆಯವರು ಬೆಲೆಯ ಮಾತಾಡಿದರು, ನಾನು ಕಾರ್ಬೊರೇಟರಿನ ಮಾತಾಡಿದೆ. ಅವನಿಗೆ ಅದು ಹಿಡಿಸಿತು. ಕಡೆಗೆ ಒಂದೇ ಪ್ರಶ್ನೆ ಕೇಳಿದ: ಇದನ್ನು ಓಡಿಸುತ್ತೀಯೋ, ಬರೀ ನಿಲ್ಲಿಸುತ್ತೀಯೋ? ಓಡಿಸುತ್ತೇನೆ ಎಂದು ಮಾತು ಕೊಟ್ಟೆ. ಅವನು ಅದನ್ನು ದೂಡಿ ಚಾಲೂ ಮಾಡಿದ ವೀಡಿಯೋ ಕಳಿಸಿದ. ಆ ಸಪ್ಪಳಕ್ಕೆ ಅಡಿಗೆ ಮನೆಯಿಂದ ನನ್ನ ಹೆಂಡತಿ ಎದ್ದು ಬಂದು, "ಏನ್ ಒಡೀತ್ರಿ?" ಅಂದಳು.

ಐವತ್ತು ವರ್ಷ ದಾಟಿದ ಗಾಡಿಯನ್ನು ಹೊರದೇಶದಿಂದ ತರಬಹುದು, ಆದರೆ ತಂದ ಮೇಲೆ ಯಾರಿಗೂ ಮಾರುವ ಹಾಗಿಲ್ಲ ಎಂದು ಮುಂಬೈಯಲ್ಲಿದ್ದ ನಮ್ಮ ಕಡೆಯ ಏಜೆಂಟ್ ಹೇಳಿದ. ಬಂದರಿನಿಂದ ಸಾಮಾನು ಬಿಡಿಸಿಕೊಡುವುದು ಅವನ ಕೆಲಸ. ಮಾರುವ ಮನಸ್ಸು ಯಾರಿಗಿತ್ತು? ಆಮೇಲೆ ಅವನು ಕೇಳಿದ, "ಕಾಕಾ, ನಿಮ್ಮ ಹತ್ತಿರ ಆಮದು-ರಫ್ತಿನ ಕೋಡ್ ಐತೇನ್ರಿ? ಇದ್ರ ಲಗೂ ಆಗತೈತಿ."

ನನ್ನ ಹತ್ತಿರ ಇರಲಿಲ್ಲ. ಹೊಸದು ಮಾಡಿಸಬಹುದಾಗಿತ್ತು. ಆದರೆ ಹಡಗು ಹೊರಡುವುದರಲ್ಲಿತ್ತು, ಮತ್ತು ನನ್ನ ಅಕ್ಕನ ಹತ್ತಿರ ಕೋಡ್ ಇತ್ತು.

ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ. ಗಂಡ ತೀರಿದ ಮೇಲೆ ಆಕೆ ನಾಲ್ಕೈದು ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿ ಪಡಸಾಲೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಲು ಶುರು ಮಾಡಿದಳು. ಆಕೆಯ ಸೊಸೆ ಬಿ.ಕಾಂ. ಓದಿದವಳು. ರೊಟ್ಟಿಯನ್ನು ಹೊರದೇಶದ ಅಂಗಡಿಗೆ ಮುಟ್ಟಿಸಿದವಳು ಅವಳೇ. ಕೋಡ್ ಮಾಡಿಸಿದ್ದು, ಕಾಗದ ತುಂಬಿದ್ದು, ಡಬ್ಬಿಯ ಮೇಲಿನ ಚೀಟಿ ಬರೆದದ್ದು, ಎಲ್ಲ ಅವಳೇ. ಸಂಘದ ನಂಬರೆಂದು ಎಲ್ಲ ಕಡೆ ಕೊಟ್ಟದ್ದೂ ಅವಳ ಫೋನಿನ ನಂಬರು.

ಕೋಡಿನ ಅಂಕಿ ರೊಟ್ಟಿಯ ಡಬ್ಬಿಯ ಮೇಲೇ ಇತ್ತು; ಏಜೆಂಟ್ ಕಳಿಸಿದ ಕಾಗದಗಳಿಗೆ ಅಕ್ಕನ ಸಹಿ ನಾನೇ ಹಾಕಿದೆ. ಇದರಲ್ಲಿ ನನಗೆ ಅಂಜಿಕೆಯೇ ಆಗಲಿಲ್ಲ. ಮೂಡಲಗಿಯಲ್ಲಿ ಸಾಲಿ ಕಲಿಯುವಾಗ ನನ್ನ ಮಾರ್ಕಿನ ಕಾರ್ಡಿಗೆ ಅಪ್ಪನ ಸಹಿ ಹಾಕಿಕೊಡುತ್ತಿದ್ದವಳು ಅಕ್ಕನೇ. ನಮ್ಮ ಮನೆಯಲ್ಲಿ ಒಬ್ಬರ ಸಹಿ ಇನ್ನೊಬ್ಬರು ಹಾಕುವುದು ಕಳವು ಅಲ್ಲ, ಆಸರೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಉಳಿದದ್ದು ಓಟಿಪಿ. ಅದು ಸೊಸೆಯ ಫೋನಿಗೆ ಹೋಗುತ್ತಿತ್ತು. ನಾನು ಫೋನ್ ಮಾಡಿದೆ.

"ಈಗೊಂದು ಆರು ಅಂಕಿ ಬರ್ತಾವ, ಓದಿ ಹೇಳು ಯವ್ವಾ."

"ಯಾಕ ಬೇಕಾತು?"

"ಗ್ಯಾರೇಜಿನ ಕಾಗದದ ಸಲುವಾಗಿ."

"ಗ್ಯಾರೇಜಿಂದು ನನ್ನ ಫೋನಿಗೆ ಹ್ಯಾಂಗ ಬಂತು?"

"ಯಾವುದೋ ತಪ್ಪಿ ಬಂದಿರಬೇಕು. ಹೇಳು, ಟೈಮ್ ಹೋಗತೈತಿ."

ಅವಳು ನಕ್ಕಳು. "ಬ್ಯಾರೆ ಯಾರರ ಕೇಳಿದ್ರ ಹೇಳತಿದ್ದಿಲ್ಲ ನೋಡು," ಅಂದಳು. ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದಳು.

ಗಾಡಿ ಬಂದರಿಗೆ ಬಂತು, ಅಲ್ಲೇ ಸಿಕ್ಕಿಕೊಂಡಿತು. ರೇಸಿನ ಗಾಡಿಗೆ ಎಂಜಿನು ಬದಲಾಗುತ್ತಲೇ ಇರುತ್ತದೆ. ಇದಕ್ಕೂ ಬದಲಾಗಿತ್ತು. ಚಾಸಿಯ ವರ್ಷ ಒಂದು, ಎಂಜಿನಿನ ವರ್ಷ ಇನ್ನೊಂದು. ಐವತ್ತು ವರ್ಷ ಯಾವುದಕ್ಕೆ ಆಗಿದೆ ಹೇಳಿ ಎಂದು ಅಧಿಕಾರಿಗಳು ಕೇಳಿದರು. ಇದು ಇತ್ಯರ್ಥವಾಗುವ ತನಕ ಆ ಕೋಡಿನ ಮೇಲೆ ಯಾವ ಸಾಮಾನೂ ಬರುವಂತಿಲ್ಲ, ಹೋಗುವಂತಿಲ್ಲ. ಎಂಜಿನಿನ ಸಂಗತಿ ಜೀವಮಾನವೆಲ್ಲ ಎಂಜಿನು ಬಿಚ್ಚಿದ ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಅಕ್ಕನ ರೊಟ್ಟಿಯ ಡಬ್ಬಿಗಳು ಅದೇ ಬಂದರಿನಲ್ಲಿ ನಿಂತವು.

ಅಕ್ಕ ಫೋನ್ ಮಾಡಿದಳು. "ತಮ್ಮಾ, ಲಗೂನ ಬಾ."

ಹುಕ್ಕೇರಿಗೆ ಹೋದೆ. ಪಡಸಾಲೆಯಲ್ಲಿ ಸಂಘದ ಹೆಂಗಸರೆಲ್ಲ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ನಮ್ಮ ಹೆಸರಿನ ಮ್ಯಾಲೆ ಯಾವನೋ ಹಳೇ ಯಂತ್ರ ತರಸ್ಯಾನಂತ," ಅಂದಳು ಅಕ್ಕ. "ಅದು ಸಿಕ್ಕೈತಿ, ಅದರ ಕೂಡ ನಮ್ಮ ರೊಟ್ಟಿನೂ ಸಿಕ್ಕಾವ. ನಿನಗ ಯಂತ್ರದ ಮಂದಿ ಗೊತ್ತು. ಯಾರ ಕೆಲಸ ಇದ್ದೀತು ಹೇಳು."

"ರೊಟ್ಟಿ ಬಡಿಯೋರ ಹೆಸರಿನ್ಯಾಗ ಯಂತ್ರ!" ಅಂದಳು ಗೋಡೆಗೆ ಒರಗಿ ಕೂತಿದ್ದ ಒಬ್ಬಾಕೆ. "ಹಿಟ್ಟು ನಾದಾಕ ಬರತೈತೇನು ಕೇಳ್ರಿ, ಬಂದ್ರ ಇಟಗೊಳ್ಳೂಣು."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಮುಂಬೈ ಕಡೆ ಇಂಥಾ ಮೋಸ ಭಾಳ ನಡೀತಾವ ಅಕ್ಕಾ," ಅಂದೆ.

"ನಡೀಲಿ. ಆದ್ರ ಓಟಿಪಿ ಇಲ್ದ ಆಗೂದಿಲ್ಲಂತ. ಅದು ಬರೂದು ಇಕಿ ಫೋನಿಗೆ." ಅಕ್ಕ ಒಳಗಿದ್ದ ಸೊಸೆಯನ್ನು ಕೂಗಿ ಕರೆದಳು.

ಸೊಸೆ ಚಹಾ ತಂದಳು. ಮೊದಲ ಕಪ್ಪು ನನ್ನ ಕೈಗೇ ಕೊಟ್ಟಳು.

"ಯಾರಿಗೆ ಓದಿ ಹೇಳಿದಿ?" ಅಕ್ಕ ಕೇಳಿದಳು.

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತಲ್ಲ, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿಯಿತು, ಅವಳಿಗೆ ತಿಳಿಯಿತೆಂಬುದು ನನಗೂ ತಿಳಿಯಿತು. ನಾನು ಮಾತಾಡಲಿ ಎಂದು ಅವಳು ದಾರಿ ಬಿಟ್ಟು ನಿಂತಿದ್ದಳು. ನಾನು ಕಪ್ಪಿನೊಳಗೆ ನೋಡಿದೆ.

"ಲಕ್ಷದಾಗಿಲ್ರಿ ಅತ್ತಿ," ಅಂದಳು.

"ಬಿ.ಕಾಂ. ಓದಾಕಿ! ಯಾರಿಗೂ ಹೇಳಬ್ಯಾಡ್ರಿ ಅಂತ ಟೀವಿಯಾಗ ದಿನಾ ಬಡಕೊಳ್ತಾರ. ಇಷ್ಟು ಹೆಣಮಕ್ಕಳ ತುತ್ತು ಐತಿ ಅದರಾಗ."

"ತಪ್ಪಾತ್ರಿ."

ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮಾ, ನೀನರ ಒಂದು ಮಾತು ಹೇಳು ಆಕಿಗೆ."

ನಾನು ಹೇಳಿದ್ದು ಇದು: "ಇನ್ನ ಮ್ಯಾಲರ ಹುಷಾರಿರಬೇಕು ಯವ್ವಾ."

ಸಹಿ ಹಾಕಿದ್ದಕ್ಕಿಂತ, ಸುಳ್ಳು ಹೇಳಿ ಅಂಕಿ ಕೇಳಿದ್ದಕ್ಕಿಂತ ಈ ಮಾತು ದೊಡ್ಡ ಪಾಪ. ಅವಳು ಖಾಲಿ ಕಪ್ಪುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಒಳಗೆ ಹೋದಳು.

ಅವತ್ತೇ ಆ ಫೋನು ಅವಳ ಕೈ ಬಿಟ್ಟಿತು. ಕಾಗದಪತ್ರಕ್ಕೆ ಬೇರೆಯವರನ್ನು ಗೊತ್ತು ಮಾಡಿದರು, ಅವಳನ್ನು ಹಿಟ್ಟಿಗೆ ಹಚ್ಚಿದರು. ಓಣಿಯಲ್ಲಿ "ಓಟಿಪಿ ಕೊಟ್ಟಾಕಿ" ಎಂಬ ಅಡ್ಡಹೆಸರು ಅಂಟಿತು. ಬಂದರಿನಿಂದ ಡಬ್ಬಿಗಳು ತಿರುಗಿ ಬಂದಾಗ ರೊಟ್ಟಿ ಮೆತ್ತಗಾಗಿತ್ತು, ಚಟ್ನಿಯ ಎಣ್ಣೆ ಕಮಟು ಹತ್ತಿತ್ತು. ಅಷ್ಟೊತ್ತಿಗೆ ಹೊರದೇಶದ ಅಂಗಡಿ ಬೇರೆ ಊರಿನ ರೊಟ್ಟಿ ಹಿಡಿದಿತ್ತು.

ಗಾಡಿಯೂ ಬಿಡುಗಡೆಯಾಯಿತು. ಇಂಗ್ಲೆಂಡಿನ ಮುದುಕ ತನ್ನ ಹಳೆಯ ರೇಸಿನ ಕಾಗದಗಳನ್ನೆಲ್ಲ ಹುಡುಕಿ ಕಳಿಸಿದ, ನಾನು ಏಜೆಂಟನ ಕೈಯಿಂದ ದಂಡ ತುಂಬಿಸಿದೆ. ಲಾರಿಯವರು ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿ ಇಳಿಸಿ ಹೋದರು. ಸುತ್ತಿಗೆ, ಇಕ್ಕಳ ತಂದು ಮುಂದೆ ಕೂತೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಅಕ್ಕನ ಸಂಘದ ಹೆಸರಿತ್ತು.

ಆಗ ಗೊತ್ತಾಯಿತು, ಒಳಗೆ ಸಿಕ್ಕಿಬಿದ್ದದ್ದು ಗಾಡಿ ಅಲ್ಲ, ನಾನು. ಮಾರುವಂತಿಲ್ಲ, ಕಾನೂನು ಬಿಡುವುದಿಲ್ಲ. ಯಾರಿಗೂ ತೋರಿಸುವಂತಿಲ್ಲ. ಕದ್ದು ಚಾಲೂ ಮಾಡೋಣವೆಂದರೆ ಅದು ಕದ್ದು ಚಾಲೂ ಆಗುವ ಗಾಡಿಯೇ ಅಲ್ಲ. ಒಮ್ಮೆ ಉಸಿರಾಡಿದರೆ ಇಡೀ ಓಣಿ ಹೊರಗೆ ಬರುತ್ತದೆ, ಸಂಜೆಗೆ ಹುಕ್ಕೇರಿಗೆ ಸುದ್ದಿ ಮುಟ್ಟುತ್ತದೆ. ಜೀವಮಾನವೆಲ್ಲ ಕೇಳಬೇಕೆಂದ ಸಪ್ಪಳಕ್ಕೆ ಈಗ ನಾನೇ ಅಂಜುತ್ತಿದ್ದೆ. ಸುತ್ತಿಗೆ ಒಳಗಿಟ್ಟೆ. ಶಟರ್ ಅರ್ಧ ಇಳಿಸಿ ಪೆಟ್ಟಿಗೆಯ ಬಾಜೂ ಕೂಡುವುದೇ ದಿನದ ಕೆಲಸವಾಯಿತು. ಓಡಿತೇ ಎಂದು ಇಂಗ್ಲೆಂಡಿನ ಮುದುಕ ಎರಡು ಸಲ ಕೇಳಿದ. ಉತ್ತರ ಕೊಡಲಿಲ್ಲ. ಆಮೇಲೆ ಅವನೂ ಕೇಳುವುದನ್ನು ಬಿಟ್ಟ.

ದಸರೆಯಲ್ಲಿ, ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಸೊಸೆ ಗೋಕಾಕಕ್ಕೆ ಬಂದಿದ್ದಳು. ನಾನು ನಟ್ಟು ಬಿಚ್ಚುವ ಪಾನಾಗಳನ್ನು ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದೆ. ಅವಳು ಬಂದು ಪೆಟ್ಟಿಗೆಯ ಮೇಲಿನ ಕಾಗದ ಓದಿದಳು. ನನ್ನ ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಪೆಟ್ಟಿಗೆಗೂ ಮೂರು ಗೆರೆ ಎಳೆದಳು, ಒಂದು ಹೂವು ಇಟ್ಟಳು.

"ಮಳಿ ನೀರು ಸಿಡೀತಾವ ಇಲ್ಲಿ. ಪ್ಲಾಸ್ಟಿಕ್ ಹೊದಸಬೇಕಾಗಿತ್ತು," ಅಂದಳು. ಅವಳ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು.

ಹೋದ ವಾರ ಈ ಬರಹವನ್ನು ತೆಗೆದುಕೊಂಡು ಹುಕ್ಕೇರಿಗೆ ಹೋದೆ. ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿ, ವಿಭೂತಿಯ ತನಕ ಓದಿದೆ. ಮುಗಿದ ಮೇಲೆ ಅಕ್ಕ ಸೆರಗಿನಿಂದ ಮುಖ ಒರಸಿಕೊಂಡಳು.

"ನಿನ್ನ ಮಾರ್ಕಿನ ಕಾರ್ಡಿಗೆ ಸಹಿ ಹಾಕಬಾರದಾಗಿತ್ತು ನಾನು," ಅಂದಳು. ಆಮೇಲೆ, "ನನಗ ಹೇಳಿದಿ, ಛಲೋ ಆತು. ಆಕಿ ಒಳಗದಾಳ," ಅಂದಳು.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಓದುವಾಗಲೂ ಬರುತ್ತಿತ್ತೋ ನಿಂತಿತ್ತೋ ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಎದ್ದು ಹೊಸ್ತಿಲ ತನಕ ಹೋದೆ. ಅವಳು ಬೆನ್ನು ಮಾಡಿ ಕೂತಿದ್ದಳು. "ಬಸ್ಸಿನ ಹೊತ್ತಾತು," ಅಂದೆ. "ಹುಷಾರಾಗಿ ಹೋಗು," ಅಂದಳು, ತಿರುಗದೆ.

ಅಕ್ಕ ಮರುದಿನವೇ ಫೋನನ್ನು ಅವಳ ಕೈಗೆ ತಿರುಗಿ ಕೊಟ್ಟಳಂತೆ. ಅದು ಅಕ್ಕ ಮಾಡಿದ್ದು. ನಾನು ಮಾಡಬೇಕಾದದ್ದು ಹಾಗೇ ಉಳಿದಿದೆ, ಪೆಟ್ಟಿಗೆಯ ಮೊಳೆಯೂ ಉಳಿದಿದೆ.

ಇಷ್ಟು ಹೊತ್ತು ಸೊಸೆ, ಅಕ್ಕನ ಸೊಸೆ ಎಂದು ಬರೆದೆ. ಸುಳ್ಳಲ್ಲ, ಆದರೆ ಇನ್ನೊಂದು ಶಬ್ದ ಬರೆಯಲು ಕೈ ಬರಲಿಲ್ಲ. ನಮ್ಮ ಕಡೆ ಅಕ್ಕನ ಮಗನಿಗೆ ಹೆಣ್ಣು ಕೊಡುತ್ತೇವೆ. ಹೊರಗಿನವರ ಮನೆಯಲ್ಲ, ಅಲ್ಲಿ ಆಕೆಗೆ ಯಾರೂ ಒಂದು ಮಾತು ಅನ್ನುವುದಿಲ್ಲ ಎಂದು ನನ್ನ ಹೆಂಡತಿಗೆ ಹೇಳಿ ಆ ಮನೆಗೆ ಕೊಟ್ಟವನು ನಾನು. ನಾನು ಇನ್ನೂ ತಪ್ಪಾಯಿತು ಅನ್ನದೆ ಉಳಿದದ್ದು ನನ್ನ ಮಗಳಿಗೆ.