ಜಾರ್ಜ್‌ಟೌನಿನ ಜಿಲ್ಲಾ ಕಚೇರಿ

೨೦೦೨ರ ಚಳಿಗಾಲದ ನನ್ನ ದಿನಚರಿಯಲ್ಲಿ ಪ್ರತಿ ಪುಟದ ಮೇಲೂ ಒಂದು ಅಂಕಿಯಿದೆ. ಅಮ್ಮ ಅಮೆರಿಕ ಬಿಡಲು ಉಳಿದಿದ್ದ ದಿನಗಳು ಅವು. ಅಪ್ಪನೊಂದಿಗೆ ಆಸ್ಟಿನ್‌ಗೆ ನನ್ನನ್ನು ನೋಡಲು ಬಂದವಳಿಗೆ ಹೃದಯದ ಆಪರೇಷನ್ ಆಗಿತ್ತು. ಎರಡು ತಿಂಗಳು ವಿಮಾನ ಹತ್ತಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದರೂ, ಇನ್ನಷ್ಟು ದಿನ ಇರಲು ವಲಸೆ ಇಲಾಖೆಗೆ ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು.

ಅಂಕಿ ಒಂಬತ್ತಕ್ಕೆ ಇಳಿದ ದಿನ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅಪ್ಪ ಕೇಳಿದರು: "ಇಲ್ಲಿ ಜಿಲ್ಲಾ ಕೇಂದ್ರ ಯಾವ್ದು? ಡಿಸಿನ ನೋಡೋಣ."

"ಇಲ್ಲಿ ಡಿಸಿ ಅಂತ ಇರಲ್ಲಪ್ಪ."

"ಜಿಲ್ಲೆ ಅಂದ್ಮೇಲೆ ಯಾರೋ ಒಬ್ರು ಇರ್ಲೇಬೇಕಲ್ಲ."

ಬೇರೆ ದಾರಿ ತೋಚದೆ, ಅಮ್ಮನನ್ನೂ ಕೂರಿಸಿಕೊಂಡು, ಊರಂಚಿನ ನಮ್ಮ ಮನೆ ಸೇರಿದ್ದ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕೇಂದ್ರವಾದ ಜಾರ್ಜ್‌ಟೌನ್‌ಗೆ ಡ್ರೈವ್ ಮಾಡಿದೆ. ಊರೆಂದರೆ ಒಂದು ಚೌಕ. ನಡುವೆ ಗುಮ್ಮಟದ ಕೋರ್ಟು, ಸುತ್ತ ಹಳೆಯ ಕಲ್ಲಿನ ಅಂಗಡಿಗಳು, ಆಚೆಗೆ ಹೊಸ ಮನೆಗಳ ಸಾಲು. ಗುಮ್ಮಟ ಕಂಡದ್ದೇ ಅಪ್ಪ ಶರ್ಟು ಸರಿಮಾಡಿಕೊಂಡರು.

ಕೌಂಟಿ ಕಚೇರಿಯ ಹೆಂಗಸು, ಇಲ್ಲಿ ಜಮೀನಿನ ಪತ್ರ, ಮದುವೆ, ಜನನ, ಮರಣ ಇಂಥವಷ್ಟೇ ದಾಖಲಾಗುತ್ತವೆ ಎಂದಳು. ಅಪ್ಪ ಅರ್ಜಿಯ ಪ್ರತಿಯನ್ನು ಮುಂದೆ ತಳ್ಳಿ, "ಸ್ವೀಕೃತಿ ಸೀಲಾದ್ರೂ ಹಾಕಕ್ಕೆ ಹೇಳು" ಎಂದರು. ಅವಳು ನನ್ನ ಮುಖ ನೋಡಿ, ಆ ದಿನದ ತಾರೀಖಿನ ಮೊಹರು ಒತ್ತಿಕೊಟ್ಟಳು.

ಕಾರಿನಲ್ಲೇ ಉಳಿದಿದ್ದ ಅಮ್ಮನಿಗೆ ಅಪ್ಪ ಅದನ್ನು ತೋರಿಸಿದರು. "ಅರ್ಜಿ ತಗೊಂಡ್ರು ಕಣೇ. ಇನ್ನು ನಿನ್ನ ಯಾರೂ ಕಳ್ಸಕ್ಕಾಗಲ್ಲ."

"ಹೌದೇನೇ?" ಎಂದು ಅಮ್ಮ ನನ್ನನ್ನು ಕೇಳಿದಳು.

ಹೌದೆಂದೆ. ಆ ಸಂಜೆ ಏರ್‌ಲೈನ್‌ಗೆ ಫೋನ್ ಮಾಡಿ, ಅವಳ ಹೆಸರಿಗೆ ಒಂದು ವೀಲ್‌ಚೇರ್ ಬೇಕೆಂದು ಹೇಳಿದೆ.